ಕೊನೆಯ ಸ್ವರ ಜಾರಬೇಕು

ಅಮ್ಮನ ಬಲಗಿವಿ ಹೋಗಿಯೇ ಹೋಗಿದೆ, ಎಡಗಿವಿಯೂ ಹೊರಟು ನಿಂತಿದೆ ಎಂದು ಕಿವಿ ಡಾಕ್ಟರು ಹೇಳಿದ ದಿನ, ವಿಜಯನಗರದ ಮನೆಗೆ ವಾಪಸು ಬರುವ ಆಟೋದಲ್ಲಿ ಅಮ್ಮ ನನ್ನನ್ನು ಒಂದೇ ಒಂದು ಮಾತು ಕೇಳಿದಳು. ಮೆಷಿನ್ನು ಹಾಕಿಸುತ್ತೀಯಾ ಎಂದು ಕೇಳಲಿಲ್ಲ. ಇನ್ನೆಷ್ಟು ದಿನ ಕೇಳಿಸುತ್ತಂತೆ ಎಂದೂ ಕೇಳಲಿಲ್ಲ.

"ಪೂರ್ತಿ ಮುಚ್ಕೊಳೋದ್ರೊಳಗೆ ನಿಮ್ಮಪ್ಪ ಊದಿದ್ದು ಒಂದ್ಸಲ ಕೇಳಿಸ್ಬಿಡೇ," ಅಂದಳು. "ಟೀವೀಲಿ ಬಂತಲ್ಲ, ಅದು."

ನಾನು ಸುಮ್ಮನೆ ಹೂಂ ಅನ್ನಬೇಕಿತ್ತು. ಆದರೆ ನನ್ನ ನಾಲಿಗೆ ಯಾವತ್ತು ನನ್ನ ಮಾತು ಕೇಳಿದೆ? "ಅಯ್ಯೋ ನನ್ ಕರ್ಮವೇ! ಯಾವ್ ಕಾಲದ ಧಾರಾವಾಹಿ ಅಮ್ಮಾ ಅದು! ನಾನಾಗ ಏಳನೇ ಕ್ಲಾಸು. ಈಗ ಎಲ್ಲಿಂದ ತರ್ಲಿ?" ಎಂದು ಕೂಗಿದೆ. ಕೂಗದಿದ್ದರೆ ಅವಳಿಗೆ ಕೇಳಿಸುವುದಿಲ್ಲ, ಕೂಗಿದರೆ ಬೈದ ಹಾಗೆ ಇರುತ್ತದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದ.

"ಕಿವುಡಿ ಮುಂದೆ ಕಿನ್ನರಿ ಬಾರ್ಸಿದಂಗೆ ಆಗೋದ್ ಬೇಡ. ಬೇಗ ಹುಡುಕು," ಅಂದವಳೇ ಸೆರಗನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು ಕೂತಳು. ಹಟಮಾರಿ. ನನಗೆ ಆ ಗುಣ ಬಂದದ್ದು ಅವಳಿಂದಲೇ.

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕ್ಲಾರಿಯೊನೆಟ್ ಊದಿದ. ಅವನು ಊದಿದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲೂ ಉಳಿದಿಲ್ಲ. ಬಿನ್ನಿಪೇಟೆಯ ವಠಾರದಲ್ಲಿ ನಮ್ಮ ಮನೆ, ಪಕ್ಕದ ಮಿಲ್ಲಿನಲ್ಲಿ ಅವನ ಕೆಲಸ. ಮದುವೆ ತಿಂಗಳು ಬಂತೆಂದರೆ ಶಿಫ್ಟ್ ಮುಗಿಸಿ ಬ್ಯಾಂಡ್ ಸೆಟ್ಟಿಗೆ ಹೋಗುತ್ತಿದ್ದ. ಕೆಂಪು ಕೋಟು ಬ್ಯಾಂಡಿನವರದು, ಟೋಪಿ ಬ್ಯಾಂಡಿನವರದು, ಕ್ಲಾರಿಯೊನೆಟ್ಟೂ ಬ್ಯಾಂಡಿನವರದೇ. ನಾನು ಎರಡನೇ ಪಿಯುಸಿಯಲ್ಲಿದ್ದಾಗ ಅಪ್ಪ ಎದೆನೋವು ಬಂದು ಸತ್ತ. ಮೂರನೇ ದಿನ ಬ್ಯಾಂಡಿನ ಮಾಲೀಕ ಬಂದು, ಅಮ್ಮನಿಗೆ ಕೈಮುಗಿದು, ಕ್ಲಾರಿಯೊನೆಟ್ಟಿನ ಪೆಟ್ಟಿಗೆ ಎತ್ತಿಕೊಂಡು ಹೋದ. ನಮಗೆ ಉಳಿದದ್ದು ಯಾರದೋ ಮದುವೆಯ ಒಂದು ಫೋಟೋ. ಅದರಲ್ಲಿ ಮದುಮಗನ ಹಿಂದೆ ಅಪ್ಪನ ಉಬ್ಬಿದ ಒಂದು ಕೆನ್ನೆ ಮತ್ತು ಅರ್ಧ ಟೋಪಿ ಕಾಣುತ್ತದೆ.

ಇನ್ನು ಟೀವಿಯ ಕಥೆ. ಆಗ ಇದ್ದದ್ದು ಒಂದೇ ಚಾನೆಲ್ಲು, ವಠಾರದ ಎಂಟು ಮನೆಗೆ ಇದ್ದದ್ದು ಒಂದೇ ಟೀವಿ, ಅದೂ ಮನೆ ಓನರ್ ಆಂಟಿಯ ಮುಂದಿನ ಕೋಣೆಯಲ್ಲಿ. ಒಂದು ದಿನ ಸ್ಕೂಟರಿನಲ್ಲಿ ಯಾರೋ ಬಂದು ಅಪ್ಪನನ್ನು ಹುಡುಕಿದರು. ಹೊಸ ಧಾರಾವಾಹಿಗೆ ಹಿನ್ನೆಲೆ ಸಂಗೀತ ಮಾಡುತ್ತಿದ್ದಾರೆ, ಕ್ಲಾರಿಯೊನೆಟ್ಟಿನವನು ಕೈಕೊಟ್ಟಿದ್ದಾನೆ, ಒಂದು ದಿನದ ಮಟ್ಟಿಗೆ ಬರುತ್ತೀರಾ ಅಂದರು. ಅಪ್ಪ ಮಿಲ್ಲಿಗೆ ರಜ ಹಾಕಿದ. ಅಮ್ಮ ಅವನ ಬಿಳಿ ಶರಟಿಗೆ ನೀಲಿ ಹಾಕಿ ಒಗೆದು, ಚೊಂಬಿನಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡಿದಳು. ಬೆಳಿಗ್ಗೆ ಹೋದವನು ಸಂಜೆ ಬಂದ. ಬಂದವನು ಕೈಕಾಲು ತೊಳೆದುಕೊಂಡು ಗೋಡೆಗೆ ಒರಗಿ ಕೂತ, ಅಷ್ಟೇ.

"ಏನ್ ಊದಿದ್ರಿ?" ಅಮ್ಮ ಕೇಳಿದಳು.

"ಒಂದ್ ಬಿಟ್ಟು, ಸಣ್ಣ ತುಂಡು."

"ಯಾವ್ ಸೀನಿಗೆ?"

"ಅದೆಲ್ಲ ನಮಗೆಲ್ಲಿ ಹೇಳ್ತಾರೆ? ಊದು ಅಂದ್ರು, ಊದ್ದೆ."

ಅಮ್ಮನಿಗೆ ಅಷ್ಟು ಸಾಕಾಗಿತ್ತು. ಮರುದಿನ ನಲ್ಲಿಯಲ್ಲಿ ನೀರು ನಿಲ್ಲುವಷ್ಟರಲ್ಲಿ ಎಂಟು ಮನೆಗೂ ಸುದ್ದಿ ಮುಟ್ಟಿತ್ತು. ಧಾರಾವಾಹಿ ಶುರುವಾಯಿತು, ವಾರಕ್ಕೊಂದು ಕಂತು. ಮೂರನೇ ವಾರ ಅದರಲ್ಲಿ ತಾಯಿ ಸಾಯುತ್ತಾಳೆ. ಮಕ್ಕಳು ಹೊಸಿಲಲ್ಲಿ ನಿಂತು ನೋಡುತ್ತಿದ್ದಾರೆ, ಒಬ್ಬರೂ ಮಾತಾಡುವುದಿಲ್ಲ, ಹಿಂದೆ ಒಂದು ವಾದ್ಯ ಮಾತ್ರ ಅಳುತ್ತದೆ. ಕೋಣೆಯಲ್ಲಿ ಕೂತಿದ್ದ ಇಪ್ಪತ್ತು ಜನರೂ ಕಣ್ಣು ಒರೆಸಿಕೊಂಡರು. ಓನರ್ ಆಂಟಿ ಮೂಗು ಸೀಟಿ ಹಿಂದಕ್ಕೆ ತಿರುಗಿ, "ಇದೇ ತಾನೇ ನಿಮ್ದು?" ಎಂದು ಅಪ್ಪನನ್ನು ಕೇಳಿದರು.

ಎಲ್ಲರ ಕತ್ತೂ ತಿರುಗಿತು. ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಎಡಗಾಲು ಚಾಚಿಕೊಂಡು ಕೂತಿದ್ದ. ಹಿಂದೆ ಯಾವಾಗಲೋ ಮಿಲ್ಲಿನಲ್ಲಿ ಬಟ್ಟೆ ಒತ್ತಿ ಕಟ್ಟಿದ ಬೇಲು ಬಿದ್ದು ಆ ಕಾಲು ಸ್ವಲ್ಪ ಗಿಡ್ಡವಾಗಿತ್ತು. ಅವನು ಟೀವಿ ನೋಡಿದ, ಅಮ್ಮನನ್ನು ನೋಡಿದ. ಅಮ್ಮ ಅಳುತ್ತ ನಗುತ್ತಿದ್ದಳು. ಅಪ್ಪ ಹೌದು ಅನ್ನಲಿಲ್ಲ. ಬರೀ ತಲೆಯಾಡಿಸಿದ.

ಅಂದಿನಿಂದ ಅಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾರ ಮನೆಗೆ ಹೋದರೂ ಅದೇ ಮಾತು. ಒಂದು ಸಲ ಓನರ್ ಆಂಟಿ, "ಆ ಟೀವೀದು ಒಂದ್ ಚೂರು ಊದಿ ನೋಡೋಣ," ಅಂದರು. ಅಪ್ಪ, "ಸಾವಿನದು ಆಂಟಿ ಅದು. ಬಾಳೋ ಮನೇಲಿ ಊದ್ಬಾರ್ದು," ಅಂದ. ಎಲ್ಲರೂ ಹೌದು ಹೌದು, ಶುಭವಲ್ಲ ಅಂದರು. ಆಮೇಲೆ ಯಾರೂ ಕೇಳಲಿಲ್ಲ. ಬದುಕಿರುವವರೆಗೂ ಅಪ್ಪ ಅದನ್ನು ಮನೆಯಲ್ಲಿ ಊದಲಿಲ್ಲ. ನಮಗೆ ಅದು ಅವನ ದೊಡ್ಡತನ ಅನ್ನಿಸಿತ್ತು.

ಇನ್ನೊಂದು ವಿಷಯ ಹೇಳಬೇಕು. ಹೇಳದಿದ್ದರೆ ಒಳ್ಳೆಯದಿತ್ತು, ಆದರೆ ಅದನ್ನು ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಅದೇ ಧಾರಾವಾಹಿಯಲ್ಲಿ ಒಬ್ಬ ಕುಂಟು ಗುಮಾಸ್ತನಿದ್ದ. ಜಿಪುಣ, ಪೆದ್ದ. ಅವನು ಬಂದಾಗಲೆಲ್ಲ ಹಿಂದೆ, "ಪೊಂ ಪೊಂ ಪೊಪೊಂ, ಪೊಂ ಪೊಂ ಪೊಪೊಂ" ಎಂದು ಅವನ ಹೆಜ್ಜೆಗೆ ತಕ್ಕ ಹಾಗೆ ಬರುತ್ತಿತ್ತು, ಕೊನೆಗೆ "ಪೀಂಯ್ಕ್!" ಅಂತ ಒಂದು ಕಿರುಚು. ಆ ಕಿರುಚಿಗೆ ಸರಿಯಾಗಿ ಅವನು ಎಡವಿ ಬೀಳುತ್ತಿದ್ದ. ಇಡೀ ಬಿನ್ನಿಪೇಟೆಯ ಮಕ್ಕಳ ಬಾಯಲ್ಲಿ ಅದೇ.

ಒಂದು ಸಂಜೆ ಅಪ್ಪ ರಾಜಾಜಿನಗರದ ಯಾವುದೋ ಛತ್ರದಿಂದ ಬರುತ್ತಿದ್ದ. ಎರಡು ಸೈಜು ದೊಡ್ಡದಾದ ಕೆಂಪು ಕೋಟು, ಕಂಕುಳಲ್ಲಿ ಪೆಟ್ಟಿಗೆ, ಎಳೆದು ಹಾಕುವ ಎಡಗಾಲು. ನಾನು ನಲ್ಲಿಕಟ್ಟೆಯ ಮೇಲೆ ನಿಂತಿದ್ದೆ. ಅವನ ಹೆಜ್ಜೆಗೆ ಸರಿಯಾಗಿ, "ಪೊಂ ಪೊಂ ಪೊಪೊಂ" ಎಂದು ಶುರು ಮಾಡಿದೆ. ಶುರು ಮಾಡಿದವಳು ನಾನೇ, ತಮ್ಮ ಅಲ್ಲ. ಅವನು ಚಿಕ್ಕವನು, ನಾನು ಹೇಳಿಕೊಟ್ಟ ಮೇಲೆ ಹಾಡಿದ. ಆಮೇಲೆ ವಠಾರದ ಮಕ್ಕಳೆಲ್ಲ ಸೇರಿಕೊಂಡರು. ಎಷ್ಟು ಚೆನ್ನಾಗಿ ಹೊಂದಿತು ಅಂದರೆ ದೊಡ್ಡವರೂ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ಅಪ್ಪ ನಿಂತ. ಹೊಡೆಯುತ್ತಾನೆ ಅಂದುಕೊಂಡೆ. ನನ್ನ ಹತ್ತಿರ ಬಂದು, "ಕೊನೇಲಿ ಕಿರುಚ್ಬಾರ್ದು ಕಣೇ," ಅಂದ. "ಜಾರ್ಬೇಕು. ಮೇಲಿಂದ ಮೆತ್ತಗೆ, ಹಿಂಗೆ, ಜಾರ್ಕೊಂಡ್ ಬರ್ಬೇಕು." ಅಂಗೈಯನ್ನು ಗಾಳಿಯಲ್ಲಿ ಇಳಿಸಿ ತೋರಿಸಿದ.

"ಟೀವೀಲಿ ಹಂಗೇ ಕಿರುಚತ್ತೆ. ನಿಂಗೇನ್ ಗೊತ್ತು?" ಅಂದೆ ನಾನು.

"ಹೂಂ. ಹಂಗೇ ಕಿರುಚತ್ತೆ," ಅಂದು ಒಳಗೆ ಹೋದ.

ಎರಡು ವರ್ಷ ಹಾಡಿದೆವು. ಅವನು ಕೋಟು ಹಾಕಿಕೊಂಡು ಬೀದಿಯ ತುದಿಯಲ್ಲಿ ಕಂಡರೆ ಸಾಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಅದೇ ವರ್ಷ ಕಾಪಿ ಪುಸ್ತಕದಲ್ಲಿ ದುಂಡಗೆ ಬರೆದಿದ್ದೆ, ಮೇಷ್ಟರ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ.

ಈಗ ಹುಡುಕುವ ಕಥೆಗೆ ಬರುತ್ತೇನೆ. ಹುಡುಕುವುದಕ್ಕೆ ಮೊದಲು ರಾಗ ನೆನಪಿರಬೇಕಲ್ಲ? ನನಗೆ ನೆನಪಿದ್ದದ್ದು ಶುರುವಿನ ಒಂದೆರಡು ಎಳೆ ಮಾತ್ರ. ಮೇಲಕ್ಕೆ ಹೋಗಿ, ಅಲ್ಲಿ ಸ್ವಲ್ಪ ನಡುಗಿ, ಆಮೇಲೆ ಏನೋ ಆಗುತ್ತದೆ. ಆ "ಏನೋ" ಮರೆತುಹೋಗಿತ್ತು. ತಮ್ಮನಿಗೆ ನೆನಪಿರಬಹುದು ಎಂದು ಒಂದು ಭಾನುವಾರ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಅವನದು ಅಲ್ಲಿ ಮೋಟಾರು ವೈಂಡಿಂಗ್ ಅಂಗಡಿ, ಹಿಂದೆಯೇ ಮನೆ.

"ಅಕ್ಕಾ, ಅದಲ್ಲ. ಹಿಂಗೆ," ಎಂದು ಅವನು ಗುನುಗಿದ.

"ಅದು ಮದುವೆ ರಾಗ ಇದ್ದಂಗಿದೆ ಕಣೋ. ಹೆಣದ ಮುಂದೆ ಯಾರಾದ್ರೂ ಅದನ್ನ ಊದ್ತಾರಾ?"

"ನಿಂಗ್ ಎಲ್ಲಾದ್ರಲ್ಲೂ ನಿಂದೇ ಸರಿ."

ಜಗಳವೇ ಆಗಿಹೋಯಿತು. ಕೊನೆಗೆ ಅವನ ಹೆಂಡತಿ ಅಡುಗೆಮನೆಯಿಂದ ಬಂದು, ಅವನು ಗುನುಗುತ್ತಿರುವುದು ಆ ಕಾಲದ ಯಾವುದೋ ಸೋಪಿನ ಜಾಹೀರಾತಿನದು ಎಂದಳು. ಹೌದು, ಅದೇ ಆಗಿತ್ತು. ನಾವಿಬ್ಬರೂ ನಕ್ಕುಬಿಟ್ಟೆವು. ನಗುವಿನ ಮಧ್ಯೆ ತಮ್ಮ ಟೇಬಲ್ಲು ಕುಟ್ಟಿ, "ಪೊಂ ಪೊಂ ಪೊಪೊಂ" ಅಂದ. ನಾನು ಕೂಡಿಕೊಂಡೆ. ಕುಂಟು ಗುಮಾಸ್ತನದು ಇಬ್ಬರಿಗೂ ಒಂದಿಷ್ಟೂ ತಪ್ಪಿಲ್ಲದೆ, ಕೊನೆಯ ಕಿರುಚಿನ ಸಮೇತ ನೆನಪಿತ್ತು. ಬೇಡದ್ದು ಇಡಿಯಾಗಿ ಉಳಿದಿದೆ, ಬೇಕಾದದ್ದು ಚೂರುಚೂರು ಎಂದು ಬೈದುಕೊಳ್ಳುತ್ತಲೇ ಮನೆಗೆ ಬಂದೆ.

ಗುನುಗಿದರೆ ಹಾಡು ಗುರುತಿಸುವ ಆ್ಯಪ್ ಇದೆಯಂತೆ. ನಾನು ಕೆಲಸ ಮಾಡುವುದು ರಾಜಾಜಿನಗರದ ಒಂದು ಶಾಲೆಯ ಆಫೀಸಿನಲ್ಲಿ, ಟಿ.ಸಿ. ಬರೆಯುವ ಕೆಲಸ. ಊಟದ ಹೊತ್ತಿನಲ್ಲಿ ಮೊಬೈಲನ್ನು ಬಾಯಿ ಹತ್ತಿರ ಹಿಡಿದು ಗುನುಗಿದೆ. ಮೊದಲ ಸಲ ಅದು ಯಾವುದೋ ಪರದೇಶದ ಹಾಡು ತೋರಿಸಿತು. ಎರಡನೇ ಸಲ ಮಕ್ಕಳ ಜೋಗುಳ. ಮೂರನೇ ಸಲ ಏನೂ ಸಿಗಲಿಲ್ಲ ಅಂದಿತು. ಬಾಗಿಲಲ್ಲಿ ಹೆಡ್‌ಮಿಸ್ಸು ನಿಂತಿದ್ದರು. "ಮೈ ಹುಷಾರಿದೆ ತಾನೇ?" ಎಂದು ಕೇಳಿ ಹೋದರು.

ಆಮೇಲೆ ಮೊಬೈಲಿನಲ್ಲೇ ಹಳೆಯ ಧಾರಾವಾಹಿಗಳ ಅಭಿಮಾನಿಗಳ ಒಂದು ಗುಂಪು ಸಿಕ್ಕಿತು. ತಾಯಿ ಸಾಯುವ ದೃಶ್ಯ, ಹಿನ್ನೆಲೆಯಲ್ಲಿ ಕ್ಲಾರಿಯೊನೆಟ್, ಯಾರ ಹತ್ತಿರವಾದರೂ ಇದೆಯೇ ಎಂದು ಬರೆದೆ. ಬಂದ ಉತ್ತರಗಳನ್ನು ನೋಡಿ ಮೈ ಉರಿದುಹೋಯಿತು. "ಆಗಿನ ಕಾಲವೇ ಚೆಂದ" ಅಂದವರು ಐವತ್ತು ಜನ. ಚೆಂದವಂತೆ! ಒಂದು ಕೊಡ ನೀರಿಗೆ ಜುಟ್ಟು ಹಿಡಿದು ಬಡಿದಾಡಿದ ಕಾಲ. ಒಬ್ಬರು ಮಾತ್ರ ತಿಳಿದವರ ಹಾಗೆ ಬರೆದಿದ್ದರು. ಆಗ ಟೇಪಿಗೆ ಬರವಿತ್ತು, ಒಂದು ಕಾರ್ಯಕ್ರಮ ಮುಗಿದರೆ ಅದೇ ಟೇಪಿನ ಮೇಲೆ ಇನ್ನೊಂದನ್ನು ತುಂಬುತ್ತಿದ್ದರು, ಹಾಗಾಗಿ ಮೂಲ ಸಿಗುವ ಆಸೆ ಬಿಡಿ ಎಂದು. ಅದನ್ನು ಓದಿದ ಮೇಲೆ ಒಂದು ವಾರ ನಾನು ಮೊಬೈಲು ಮುಟ್ಟಲಿಲ್ಲ. ಅಮ್ಮ ಮಾತ್ರ ದಿನಾ ಸಂಜೆ, "ಸಿಕ್ತಾ?" ಅನ್ನುತ್ತಿದ್ದಳು. ಉತ್ತರ ತಿಳಿಯಲು ಅವಳಿಗೆ ಕಿವಿ ಬೇಕಿರಲಿಲ್ಲ, ನನ್ನ ಮುಖ ನೋಡಿದರೆ ಸಾಕಿತ್ತು.

ಎಂಟನೇ ದಿನವೋ ಒಂಬತ್ತನೇ ದಿನವೋ, ಯಾರೋ ಪುಣ್ಯಾತ್ಮರು ಹನ್ನೊಂದು ನಿಮಿಷದ ಒಂದು ತುಂಡು ಹಾಕಿದರು. ಅವರ ಮನೆಯ ಮದುವೆಯ ವಿಡಿಯೋ ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದುಕೊಂಡದ್ದಂತೆ. ಚಿತ್ರದ ತುಂಬ ಬಿಳಿ ಗೆರೆ, ಸದ್ದಿನ ತುಂಬ ಗೊರಗೊರ. ಶಾಲೆಯ ಮೆಟ್ಟಿಲ ಕೆಳಗೆ ನಿಂತು ಕೇಳಿದೆ. ಮಕ್ಕಳು ಹೊಸಿಲಲ್ಲಿ ನಿಂತಿದ್ದಾರೆ. ವಾದ್ಯ ಮೇಲಕ್ಕೆ ಹೋಯಿತು, ನಡುಗಿತು, ಆಮೇಲೆ ನಾನು ಮರೆತಿದ್ದ ಆ "ಏನೋ" ಬಂತು. ಸುಮ್ಮನೆ ಅಲ್ಲೇ ಕೂತು ಅತ್ತೆ. ಅಪ್ಪಾ, ನೀನು ಇಷ್ಟು ಚೆನ್ನಾಗಿ ಊದುತ್ತಿದ್ದೆಯಾ ಎಂದು ಅತ್ತೆ.

ಸಂಜೆ ದೀಪ ಹಚ್ಚಿದ ಮೇಲೆ ಮೊಬೈಲನ್ನು ಅಮ್ಮನ ಎಡಗಿವಿಗೆ ಒತ್ತಿ ಹಿಡಿದೆ. ಅವಳು ಕಣ್ಣು ಮುಚ್ಚಿದಳು. ಮುಗಿಯುವವರೆಗೂ ಅಲ್ಲಾಡಲಿಲ್ಲ.

"ಅದೇ," ಅಂದಳು. "ಅದೇ ಕಣೇ. ಇನ್ನೊಂದ್ಸಲ ಹಾಕು."

ದಿನಾ ಸಂಜೆ ಅದೊಂದು ಪೂಜೆಯ ಹಾಗೆ ಆಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಮೂರು ವಾರ ಕಳೆದ ಮೇಲೆ ಅಮ್ಮ, "ಇವತ್ತು ಯಾಕೋ ಸಣ್ಣಗೆ ಕೇಳ್ತು," ಅಂದಳು. ಸದ್ದು ಜಾಸ್ತಿ ಮಾಡಿದರೆ ಗೊರಗೊರವೇ ಜಾಸ್ತಿಯಾಗುತ್ತಿತ್ತು. ಕಿವಿ ಮುಚ್ಚುವ ಮೊದಲು ಒಂದು ಸಲವಾದರೂ ಸ್ವಚ್ಛವಾಗಿ ಕೇಳಿಸಬೇಕು ಎಂಬ ಹಟ ನನಗೆ ಹತ್ತಿತು. ಟೇಪಿನ ವಿಷಯ ಬರೆದಿದ್ದರಲ್ಲ, ಅವರನ್ನೇ ಹಿಡಿದೆ. ಆ ಧಾರಾವಾಹಿಗೆ ಹಿನ್ನೆಲೆ ಸಂಗೀತ ಜೋಡಿಸಿದವರು ಇನ್ನೂ ಇದ್ದಾರೆ, ಬಸವೇಶ್ವರನಗರದಲ್ಲಿದ್ದಾರೆ, ಏನನ್ನೂ ಎಸೆಯುವ ಮನುಷ್ಯರಲ್ಲ ಎಂದು ಹೇಳಿದರು.

ಎಂಬತ್ತು ದಾಟಿದ ಹಿರಿಯರು. ಮಹಡಿಯ ಮೇಲೆ ಒಂದು ಕೋಣೆ, ಎರಡು ಕಬ್ಬಿಣದ ಬೀರು, ಅದರ ತುಂಬ ಸ್ಪೂಲು ಟೇಪುಗಳ ಡಬ್ಬಿ. ಡಬ್ಬಿಗಳ ಮೇಲೆ ಶಾಯಿಯಲ್ಲಿ ಬರೆದಿತ್ತು: ಅತ್ತೆ ಸೊಸೆ. ಕಳ್ಳ. ಬೆಳಗಿನ ಜಾವ. ಸಾವು ಒಂದು. ಸಾವು ಎರಡು. ನಾನು ಬಂದ ಕಾರಣ ಹೇಳಿ ಮೊಬೈಲಿನಲ್ಲಿದ್ದದ್ದನ್ನು ಹಾಕಿದೆ. ಅವರು ಪೂರ್ತಿ ಕೇಳಲೂ ಇಲ್ಲ.

"ಸಾವು ಎರಡು," ಅಂದರು. ಎದ್ದು ಹೋಗಿ ಡಬ್ಬಿ ತೆಗೆದರು. "ಶಹನಾಯಿ ಇದು. ಬಾಂಬೆಯಿಂದ ತರಿಸ್ತಿದ್ವಿ, ರೆಡಿ ಟೇಪು. ಯಾವ ಧಾರಾವಾಹೀಲಿ ಯಾರು ಸತ್ರೂ ಇದನ್ನೇ ಹಾಕ್ತಿದ್ವಿ."

"ಇಲ್ಲ ಸಾರ್, ಕ್ಲಾರಿಯೊನೆಟ್ಟು. ನಮ್ಮಪ್ಪ ಊದಿದ್ದು," ಅಂದೆ. ನನ್ನ ದನಿ ಏರಿತು. "ಇಡೀ ವಠಾರಕ್ಕೆ ಗೊತ್ತು ಸಾರ್ ಇದು."

ಅವರಿಗೆ ಸಿಟ್ಟು ಬರಲಿಲ್ಲ. ಟೇಪನ್ನು ಮೆಷಿನ್ನಿಗೆ ಹಾಕಿ, "ಕೇಳಮ್ಮ," ಅಂದರು. ಗೊರಗೊರ ಇಲ್ಲದೆ, ನಾನು ಬಯಸಿದ್ದಷ್ಟೇ ಸ್ವಚ್ಛವಾಗಿ ಕೇಳಿಸಿತು. ಮೂಗಿನಿಂದ ಬಂದ ಹಾಗಿರುವ ಎತ್ತರದ ದನಿ, ಓಲಗದ ಮನೆತನದ್ದು. ಅಪ್ಪನ ವಾದ್ಯದ ದನಿ ದಪ್ಪ, ಮರದ ಕೊಳವೆಯೊಳಗಿಂದ ಬರುವಂಥದ್ದು. ಅದನ್ನು ಹದಿನೇಳು ವರ್ಷ ಕೇಳಿಕೊಂಡು ಬೆಳೆದವಳು ನಾನು. ಅಮ್ಮ ಕೇಳಿದ್ದು ಅದಕ್ಕಿಂತ ಹೆಚ್ಚು. ಆದರೂ ಒಂದು ಕೋಣೆ ತುಂಬ ಜನ ಒಂದು ದಿನ ಹೌದು ಅಂದದ್ದಕ್ಕೆ ನಮ್ಮ ಕಿವಿಗಳು ಇಷ್ಟು ವರ್ಷ ಹೌದು ಅಂದುಕೊಂಡೇ ಬಂದವು.

"ಆ ಧಾರಾವಾಹಿಗೆ ಕ್ಲಾರಿಯೊನೆಟ್ ಊದಿಸಿದ್ದು ಒಂದೇ ಒಂದು ಬಿಟ್ಟು," ಅಂದರು ಅವರು. "ಕುಂಟು ಗುಮಾಸ್ತಂಗೆ. ಬಿನ್ನಿಪೇಟೆ ಕಡೆಯಿಂದ ಬ್ಯಾಂಡಿನವರೊಬ್ರು ಬಂದಿದ್ರು. ಬಿಳೀ ಶರಟು. ಅವರೂ ಸ್ವಲ್ಪ ಕಾಲು ಎಳೀತಿದ್ರು, ಪಾಪ." ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. "ನಿಮ್ಮ ತಂದೇನಾ?"

ನಾನು ಏನು ಹೇಳಿದೆನೋ ನೆನಪಿಲ್ಲ. ಅವರು ಮಾತ್ರ ಖುಷಿಯಾಗಿ, ಕೈಯಾಡಿಸಿಕೊಂಡು ಹೇಳುತ್ತಲೇ ಹೋದರು. ಬರೆದುಕೊಟ್ಟಿದ್ದ ರಾಗದ ಕೊನೆಯ ಸ್ವರ ಮೇಲಿನಿಂದ ಮೆತ್ತಗೆ ಜಾರಿ ಇಳಿಯಬೇಕಿತ್ತಂತೆ. ಊದುವಾಗ ಬಾಯಿಗೆ ಇಡುವ ಬಿದಿರಿನ ಪಟ್ಟಿ, ರೀಡು ಅನ್ನುತ್ತಾರಲ್ಲ, ಅದು ಒಣಗಿ ಕೀಂಯ್ ಅಂದುಬಿಟ್ಟಿತಂತೆ. ಅಪ್ಪ ಇನ್ನೊಂದು ಸಲ ಊದುತ್ತೇನೆ ಅಂದನಂತೆ. ಅಷ್ಟರಲ್ಲಿ ಡೈರೆಕ್ಟರು ಬಿದ್ದು ಬಿದ್ದು ನಗುತ್ತಿದ್ದರಂತೆ.

"ಆ ಕಿರುಚು ಇಲ್ದಿದ್ರೆ ಆ ಪಾತ್ರಾನೇ ಇಲ್ಲ ಕಣಮ್ಮ! ನಾವೆಷ್ಟು ನಕ್ವಿ ಅವತ್ತು!"

"ಅದು ಇದೆಯಾ ಸಾರ್ ನಿಮ್ಮತ್ರ?"

ಇತ್ತು. ಡಬ್ಬಿಯ ಮೇಲೆ "ಗುಮಾಸ್ತ" ಎಂದು ಬರೆದಿತ್ತು. ಟೇಪು ಸುತ್ತತೊಡಗಿತು. ಪೊಂ ಪೊಂ ಪೊಪೊಂ. ದಪ್ಪ ದನಿ. ಅಪ್ಪನ ಉಸಿರು ತೆಗೆದುಕೊಳ್ಳುವ ಸದ್ದು ಸಹ ಕೇಳುತ್ತಿತ್ತು. ಎರಡನೇ ಸಲ ಪೊಂ ಪೊಂ ಪೊಪೊಂ. ಆಮೇಲೆ ಆ ಕಿರುಚು. ಟೀವಿಯಲ್ಲಿ ಅಲ್ಲಿಗೆ ನಿಲ್ಲುತ್ತಿತ್ತು. ಟೇಪಿನಲ್ಲಿ ನಿಲ್ಲಲಿಲ್ಲ. ಮೈಕಿನಿಂದ ದೂರದಲ್ಲಿ, ಸಣ್ಣಗೆ, ಒಂದು ದನಿ ಬಂತು.

"ಸಾರ್, ಇನ್ನೊಂದ್ಸಲ ಸಾರ್. ಕೊನೇದು ಜಾರ್ಬೇಕಿತ್ತು. ಒಂದೇ ಒಂದ್ಸಲ ಸಾರ್."

ಆಮೇಲೆ ನಾಲ್ಕೈದು ಜನ ನಗುವ ಸದ್ದು. "ಬೇಡ ಬೇಡ, ಇದೇ ಬೇಕು!" ಎಂದು ಯಾರೋ ಕೂಗಿದರು. ಅಲ್ಲಿಗೆ ಟೇಪು ಕಟ್ಟಾಗಿತ್ತು.

ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದು ಅದನ್ನು ತುಂಬಿಸಿಕೊಂಡೆ. ಹಿರಿಯರು ಕಾಫಿ ತರಿಸಿದರು, ಕುಡಿದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದು ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಅವರು ನಕ್ಕದ್ದು ಒಂದು ದಿನ. ನಾನು ನಕ್ಕದ್ದು ಎರಡು ವರ್ಷ, ಅದೂ ಅವನ ಅನ್ನ ತಿಂದುಕೊಂಡು. ಅವನು ತನ್ನ ತಪ್ಪನ್ನು ಬೀದಿಯಲ್ಲಿ ಮಗಳ ಬಾಯಿಂದ ಕೇಳಿದ. ಬೈಯಲಿಲ್ಲ, ಹೊಡೆಯಲಿಲ್ಲ. ಸ್ಟುಡಿಯೋದಲ್ಲಿ ಕೊಡದ ಇನ್ನೊಂದು ಅವಕಾಶವನ್ನು ನನ್ನ ಹತ್ತಿರ ಕೇಳಿದ, ಜಾರಿಸಿ ಹಾಡೇ ಅಂದ. ನಿಂಗೇನ್ ಗೊತ್ತು ಅಂದೆ ನಾನು. ಬಸವೇಶ್ವರನಗರದಿಂದ ವಿಜಯನಗರದವರೆಗೆ ನಡೆದೇ ಬಂದೆ. ದಾರಿಯುದ್ದಕ್ಕೂ ಆ ಒಂದು ಮಾತು ನನ್ನ ತಲೆಗೆ ಬಡಿಯುತ್ತಿತ್ತು. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ದಾರಿಯಲ್ಲಿ ತಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನ ಅಂಗಡಿಯಲ್ಲಿ ಮೋಟಾರು ತಿರುಗುವ ಸದ್ದು. ಅವನು ಅದನ್ನು ಆರಿಸಿದ.

"ಅಕ್ಕಾ," ಅಂದ ಆಮೇಲೆ, "ಮೊನ್ನೆ ಇಲ್ಲೂ ಹಾಡಿದ್ವಲ್ಲ."

ಫೋನು ಇಟ್ಟುಬಿಟ್ಟ.

ಆ ಸಂಜೆ ಅಮ್ಮನಿಗೆ ನಿಜ ಹೇಳಬೇಕು ಎಂದೇ ನಿರ್ಧರಿಸಿದ್ದೆ. ಇಷ್ಟು ವರ್ಷ ಸುಳ್ಳು ಕೇಳಿದ್ದಾಳೆ, ಕಿವಿ ಮುಚ್ಚುವ ಮೊದಲು ಅವನ ದನಿಯನ್ನು ಒಂದು ಸಲ ಕೇಳಲಿ. ಊದಿದ್ದಷ್ಟೇ ಅಲ್ಲ, ಮಾತೂ ಇದೆ. ನನಗೆ ಕೂಡ ಅವನ ಮಾತಿನ ದನಿ ಮರೆತೇಹೋಗಿತ್ತು. ಅದನ್ನು ಅವಳಿಗೆ ಕೊಟ್ಟರೆ ನನ್ನ ಪಾಪದಲ್ಲಿ ಒಂದು ಚೂರಾದರೂ ಕಡಿಮೆಯಾದೀತು ಎಂಬ ದುರಾಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ದೀಪ ಹಚ್ಚಿದೆ. ಮೊಬೈಲನ್ನು ಅವಳ ಎಡಗಿವಿಗೆ ಒತ್ತಿದೆ.

"ಅಮ್ಮಾ, ಅಪ್ಪಂದು ಬೇರೆ ತಂದಿದೀನಿ," ಎಂದು ಕೂಗಿದೆ.

ಪೊಂ ಪೊಂ ಪೊಪೊಂ. ಅಮ್ಮನ ಹುಬ್ಬು ಗಂಟಿಕ್ಕಿತು. ಕಿರುಚು ಬಂದಾಗ ಬೆಚ್ಚಿ ಕತ್ತು ಹಿಂದಕ್ಕೆ ಎಳೆದುಕೊಂಡಳು. ನಾನು ಬಿಡದೆ ಮೊಬೈಲನ್ನು ಮತ್ತೆ ಒತ್ತಿದೆ. ಆ ಸಣ್ಣ ದನಿ ಬರುವ ಜಾಗದಲ್ಲಿ ಅವಳ ಮುಖವನ್ನೇ ನೋಡುತ್ತ ಕೂತೆ. ಸಾರ್, ಇನ್ನೊಂದ್ಸಲ ಸಾರ್. ಅಮ್ಮನ ಮುಖದಲ್ಲಿ ಏನೂ ಆಗಲಿಲ್ಲ. ಮತ್ತೆ ಹಾಕಿದೆ. ಸದ್ದನ್ನು ಕೊನೆಯವರೆಗೂ ಏರಿಸಿ ಮೂರನೇ ಸಲ ಹಾಕಿದೆ. ಒಂದೇ ಒಂದ್ಸಲ ಸಾರ್. ನನ್ನ ಕಿವಿಗೆ ಅದು ಕೋಣೆಯ ತುಂಬ ಕೇಳುತ್ತಿತ್ತು.

"ಮಾತಾಡ್ತಾರೆ ಕೇಳಮ್ಮ!"

"ಯಾರು?"

"ಅಪ್ಪ!"

"ಯಾವ ಅಪ್ಪ? ಬರೀ ಆ ಕುಂಟನ ಪೀಪಿ ಕೇಳ್ತು ನಂಗೆ." ಮೊಬೈಲನ್ನು ಕೈಯಿಂದ ತಳ್ಳಿದಳು. "ಅದನ್ ಯಾಕೇ ತಂದೆ? ನೀವಿಬ್ರು ಅವರನ್ನ ಆಡ್ಕೊಂಡು ಹಾಡ್ತಿದ್ರಲ್ಲ, ಅದು. ಅವರು ಒಳಗ್ ಬಂದು ಗೋಡೆ ಕಡೆ ತಿರುಗಿ ಮಲ್ಕೊಂಡ್ಬಿಡೋರು. ಊಟಕ್ಕೆ ಏಳಿ ಅಂದ್ರೂ ಏಳ್ತಿರಲಿಲ್ಲ. ಮಕ್ಕಳಿಗೆ ಏನೂ ಅನ್ಬೇಡ ಅನ್ನೋರು." ಸೆರಗಿನಿಂದ ಕಿವಿ ಒರೆಸಿಕೊಂಡಳು. "ತೆಗಿ ಅದನ್ನ. ಅವರದ್ದು ಹಾಕು."

ಹೇಳಲು ಬಾಯಿ ತೆರೆದೆ. ಅಮ್ಮನಿಗೆ ಏನನ್ನು ಹೇಳಬೇಕಾದರೂ ಕೂಗಬೇಕು. ಕೆಳಗಿನ ಮನೆಯವರಿಗೆ, ಎದುರು ಮನೆಯವರಿಗೆ ಕೇಳುವ ಹಾಗೆ ಕೂಗಬೇಕು. ನಿನ್ನ ಗಂಡ ಊದಿದ್ದು ಇದೇ, ನೀನು ಇಷ್ಟು ದಿನ ಅತ್ತದ್ದು ಬಾಂಬೆಯ ರೆಡಿ ಟೇಪಿಗೆ ಎಂಬುದನ್ನು ಮೆಲ್ಲಗೆ ಹೇಳಬಹುದೇನೋ, ಕೂಗಿ ಹೇಳುವುದು ಹೇಗೆ? ಬಾಯಿ ಮುಚ್ಚಿದೆ. ಮೊಬೈಲಿನಲ್ಲಿದ್ದ ಹಳೆಯ ತುಂಡನ್ನು, ಆ ಸಾವು ಎರಡನ್ನು, ಹುಡುಕಿ ತೆಗೆದು, ಅವಳ ಕಿವಿಗೆ ಹಿಡಿದೆ.

ವಾದ್ಯ ಮೇಲಕ್ಕೆ ಹೋಯಿತು, ನಡುಗಿತು. ಅಮ್ಮ ಕಣ್ಣು ಮುಚ್ಚಿದಳು. ಎರಡೂ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಮುಗಿದ ಮೇಲೆ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಎಷ್ಟ್ ಚೆನ್ನಾಗ್ ಊದೋರು ಅಲ್ವೇನೇ ನಿಮ್ಮಪ್ಪ?" ಅಂದಳು. "ಇದು ಅವರದ್ದೇ ತಾನೇ?"

ನಾನು ಹೌದು ಅನ್ನಲಿಲ್ಲ. ಬರೀ ತಲೆಯಾಡಿಸಿದೆ.